ವರ್ಕ್‌ಬೆಂಚ್‌ನಲ್ಲಿ ಓಡುವ ಸ್ಟೋರ್ಡ್ ಪ್ರೊಸೀಜರ್ ಪ್ರೋಗ್ರಾಂನಿಂದ ಯಾಕೆ ಓಡುವುದಿಲ್ಲ? ಹಂತ ಹಂತವಾಗಿ ಮಾಡುವ ಕ್ರಮ

ಚಿಕ್ಕಮಗಳೂರಿನ ಕಾಫಿ ವ್ಯಾಪಾರಿಗಳ ಆಫೀಸುಗಳಿಗೆ, ಮೂಡಿಗೆರೆ, ಕಳಸ ಕಡೆಯ ಗೋದಾಮುಗಳಿಗೆ ಲೆಕ್ಕದ ತಂತ್ರಾಂಶ ಬರೆದುಕೊಡುವ ಹುಡುಗ ಹುಡುಗಿಯರಿಂದ ನನಗೆ ಬರುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಸಾರ್, ಪ್ರೊಸೀಜರ್ ವರ್ಕ್‌ಬೆಂಚ್‌ನಲ್ಲಿ ಸರಿಯಾಗಿ ಓಡುತ್ತೆ. ಕೋಡಿನಿಂದ ಕರೆದರೆ ಒಂದೋ ಎರರ್, ಇಲ್ಲಾ ಖಾಲಿ." (ಸ್ಟೋರ್ಡ್ ಪ್ರೊಸೀಜರ್ ಎಂದರೆ ಡೇಟಾಬೇಸ್ ಸರ್ವರ್‌ನಲ್ಲೇ ಹೆಸರು ಕೊಟ್ಟು ಉಳಿಸಿಟ್ಟ ಆದೇಶಗಳ ಗುಂಪು. ವರ್ಕ್‌ಬೆಂಚ್ ಎಂದರೆ ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗೆ ಕೈಯಾರೆ ಆದೇಶ ಕೊಡುವ ತಂತ್ರಾಂಶ.) ಆಮೇಲೆ ಪ್ರೊಸೀಜರ್‌ನ ಒಡಲನ್ನೇ, ಅಂದರೆ ಒಳಗಿನ ಕೋಡನ್ನೇ, ಪೂರ್ತಿ ಕಳಿಸಿ ಎಲ್ಲಿ ತಪ್ಪಿದೆ ನೋಡಿ ಅನ್ನುತ್ತಾರೆ. ಬಹಳ ಸಲ ಒಡಲಿನಲ್ಲಿ ತಪ್ಪೇ ಇರುವುದಿಲ್ಲ. ಯಾವ ಯೂಸರ್ ಕರೆದ, ಯಾವ ನಿಯತಾಂಕ (ಪ್ಯಾರಾಮೀಟರ್) ಒಳಗೆ ಹೋಗುವುದು, ಯಾವುದು ಹೊರಗೆ ಬರುವುದು, ಬಂದ ಫಲಿತಾಂಶವನ್ನು ಪೂರ್ತಿ ಓದಿದರೋ ಇಲ್ಲವೋ, ಕಮಿಟ್ (ಬದಲಾವಣೆಯನ್ನು ಖಾಯಂ ಆಗಿ ಉಳಿಸುವುದು) ಯಾರು ಮಾಡಿದರು ಎಂಬಲ್ಲಿ ತಪ್ಪಿರುತ್ತದೆ. ಅದಕ್ಕೇ ಈ ಬರಹ ಕರೆಯುವ ಕ್ರಮದ ಬಗ್ಗೆ. ಪ್ರೊಸೀಜರ್ ಬರೆಯುವುದನ್ನು ಇಲ್ಲಿ ಕಲಿಸುತ್ತಿಲ್ಲ.

ಕೊನೆತನಕ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಪ್ರೊಸೀಜರ್‌ನ ಹೆಸರು ಲಾಟ್_ರಿಸೀವ್. ಬೆಳೆಗಾರರು ಕಾಫಿ ಚೀಲ ತಂದು ತೂಕ ಹಾಕಿಸಿದಾಗ ಇದು ಓಡಬೇಕು. ಒಳಕ್ಕೆ ಆರು ನಿಯತಾಂಕ: ಬೆಳೆಗಾರರ ಕೋಡ್, ಕಾಫಿಯ ಬಗೆ (ಅರೇಬಿಕಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರ್ರಿ ಹೀಗೆ), ಎಷ್ಟು ಚೀಲ, ತೂಕ, ತೇವಾಂಶ, ಚೀಟಿಯ ಗುರುತು. ಹೊರಕ್ಕೆ ಎರಡು: ರಸೀದಿ ನಂಬರ್ ಮತ್ತು ಸ್ಥಿತಿ ಕೋಡ್. ಜೊತೆಗೆ ಆ ಬೆಳೆಗಾರರು ಈ ಸೀಸನ್‌ನಲ್ಲಿ ಹಾಕಿದ ಎಲ್ಲ ಲಾಟ್‌ಗಳ ಪಟ್ಟಿಯನ್ನೂ ಅದು ಕೊಡುತ್ತದೆ. ಡೇಟಾಬೇಸ್ ಮೈಎಸ್‌ಕ್ಯೂಎಲ್, ಭಾಷೆ ಮುಖ್ಯವಾಗಿ ಪೈಥಾನ್. ಬೇರೆಯವು ಬಂದಲ್ಲಿ ಹೇಳುತ್ತೇನೆ. ಕಮಾಂಡ್‌ಗಳ ಹೆಸರನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಕೋಡಿನಲ್ಲಿ ಎಂದಿನಂತೆ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ.

## ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ವರ್ಕ್‌ಬೆಂಚ್ ಅಥವಾ ಮೈಎಸ್‌ಕ್ಯೂಎಲ್‌ನ ಕಪ್ಪು ಪರದೆಯ ಕ್ಲೈಂಟ್ ಬೇಕು. ನಿಮ್ಮ ಭಾಷೆಯ ಡ್ರೈವರ್ (ಕೋಡನ್ನು ಡೇಟಾಬೇಸ್‌ಗೆ ಜೋಡಿಸುವ ಲೈಬ್ರರಿ) ಬೇಕು, ಅದರ ನಿಖರ ಹೆಸರೂ ಗೊತ್ತಿರಬೇಕು. "ಪೈಥಾನ್‌ನಲ್ಲಿ ಮಾಡ್ತಿದ್ದೀನಿ" ಎಂದರೆ ಸಾಲದು. ಮೈಎಸ್‌ಕ್ಯೂಎಲ್ ಕನೆಕ್ಟರ್ ಒಂದು ರೀತಿ, ಪೈಮೈಎಸ್‌ಕ್ಯೂಎಲ್ ಇನ್ನೊಂದು ರೀತಿ. ಎರಡರಲ್ಲೂ ಕಾಲ್‌ಪ್ರಾಕ್ ಎಂಬ ಒಂದೇ ಹೆಸರಿನ ಮೆಥಡ್ ಇದೆ, ನಡವಳಿಕೆ ಮಾತ್ರ ಬೇರೆ. ಒಂದರ ಉದಾಹರಣೆ ನೋಡಿ ಇನ್ನೊಂದರಲ್ಲಿ ಬರೆದು ಇಡೀ ದಿನ ಕಳೆದುಕೊಳ್ಳುವವರು ಬಹಳ ಜನ.

ಪರೀಕ್ಷೆಗೆ ಪ್ರತ್ಯೇಕ ಡೇಟಾಬೇಸ್ ಇರಲಿ. ಸೀಸನ್ ನಡೆಯುವಾಗ, ಸಂಜೆ ಹೊತ್ತಿಗೆ ಗೋದಾಮಿನ ಮುಂದೆ ಪಿಕಪ್‌ಗಳು ಸಾಲು ನಿಂತಿರುವಾಗ, ಅಸಲಿ ಟೇಬಲ್ ಮೇಲೆ ಪ್ರಯೋಗ ಬೇಡ.

## ಹಂತ 1: ಪ್ರೊಸೀಜರ್ ಏನು ಕೇಳುತ್ತದೆ, ಏನು ಕೊಡುತ್ತದೆ ಎಂದು ಬರೆದುಕೊಳ್ಳಿ

ಶೋ ಕ್ರಿಯೇಟ್ ಪ್ರೊಸೀಜರ್ ಎಂಬ ಆದೇಶ ಕೊಟ್ಟು ಈಗ ಸರ್ವರ್‌ನಲ್ಲಿ ನಿಜವಾಗಿ ಇರುವ ರೂಪವನ್ನು ನೋಡಿ. ಫೈಲ್‌ನಲ್ಲಿ ಇರುವುದನ್ನು ನಂಬಬೇಡಿ. ಫೈಲ್ ತಿದ್ದಿ ಸರ್ವರ್‌ಗೆ ಹಾಕಲು ಮರೆಯುವುದು ಎಲ್ಲ ಆಫೀಸಿನಲ್ಲೂ ನಡೆಯುವ ಕತೆ.

ಪ್ರತಿ ನಿಯತಾಂಕಕ್ಕೆ ಮೂರು ವಿಷಯ ಬರೆಯಿರಿ: ಎಷ್ಟನೆಯದು, ದಿಕ್ಕು ಯಾವುದು (ಇನ್, ಔಟ್, ಇನ್‌ಔಟ್), ಬಗೆ ಯಾವುದು. ಕೆಳಗೆ ಇನ್ನೊಂದು ಸಾಲು ಸೇರಿಸಿ: ಒಡಲಿನಲ್ಲಿ ಫಲಿತಾಂಶ ಹೊರಗೆ ಕಳಿಸುವ ಸೆಲೆಕ್ಟ್‌ಗಳು ಎಷ್ಟಿವೆ? ವೇರಿಯಬಲ್‌ಗೆ ತುಂಬುವ ಸೆಲೆಕ್ಟ್ ಇಂಟು ಲೆಕ್ಕಕ್ಕಿಲ್ಲ, ಬರೀ ಸೆಲೆಕ್ಟ್‌ಗಳು ಮಾತ್ರ. ಪರೀಕ್ಷೆಗೆಂದು ಹಾಕಿ ತೆಗೆಯಲು ಮರೆತ ಸೆಲೆಕ್ಟ್ ಒಂದು ಉಳಿದಿದ್ದರೂ ಐದನೇ ಹಂತದಲ್ಲಿ ಅದು ನಿಮ್ಮ ಕಾಲು ಹಿಡಿದು ಎಳೆಯುತ್ತದೆ.

ಇದೇ ಹೊತ್ತಿನಲ್ಲಿ ಒಂದು ಕೆಟ್ಟ ಅಭ್ಯಾಸವನ್ನೂ ಹುಡುಕಿ. ನಿಯತಾಂಕಕ್ಕೂ ಟೇಬಲ್ಲಿನ ಕಾಲಮ್‌ಗೂ ಒಂದೇ ಹೆಸರು ಇದೆಯೇ? ಬೆಳೆಗಾರ_ಕೋಡ್ ಎಂಬ ಕಾಲಮ್ ಇದ್ದು, ನಿಯತಾಂಕದ ಹೆಸರೂ ಬೆಳೆಗಾರ_ಕೋಡ್ ಎಂದೇ ಇದ್ದರೆ, ವೇರ್ ಷರತ್ತಿನಲ್ಲಿ ಎರಡೂ ಕಡೆ ನಿಯತಾಂಕವೇ ಎಂದು ಮೈಎಸ್‌ಕ್ಯೂಎಲ್ ತಿಳಿಯುತ್ತದೆ. ಷರತ್ತು ಯಾವಾಗಲೂ ನಿಜವೇ ಆಗಿ ಒಬ್ಬರ ಪಟ್ಟಿ ಕೇಳಿದರೆ ಊರಿನ ಬೆಳೆಗಾರರೆಲ್ಲರ ಪಟ್ಟಿ ಬರುತ್ತದೆ. ಅಪ್‌ಡೇಟ್ ಆದೇಶದಲ್ಲಿ ಹೀಗಾದರೆ ಎಲ್ಲರ ಬಾಕಿಯೂ ಒಂದೇ ಮೊತ್ತ. ನಿಯತಾಂಕದ ಹೆಸರಿನ ಮುಂದೆ ಪಿ_ ಎಂದು ಸೇರಿಸುವುದನ್ನು ಕಡ್ಡಾಯ ಮಾಡಿಕೊಳ್ಳಿ.

ತೂಕ ಮತ್ತು ಹಣದ ಬಗೆ ಡೆಸಿಮಲ್ ಆಗಿರಲಿ, ಫ್ಲೋಟ್ ಬೇಡ. 1247.350 ಕೆ.ಜಿ. ಎಂಬುದು ಫ್ಲೋಟ್‌ನಲ್ಲಿ ನಿಖರವಾಗಿ ಕೂರುವುದಿಲ್ಲ. ಸೀಸನ್ ಕೊನೆಯಲ್ಲಿ ಮೊತ್ತ ಕೂಡಿಸಿದಾಗ ಗ್ರಾಂ ಲೆಕ್ಕದ ವ್ಯತ್ಯಾಸ ಕಾಣಿಸುತ್ತದೆ, ಅದನ್ನು ಬೆಳೆಗಾರರಿಗೆ ವಿವರಿಸುವುದು ಕಷ್ಟ. ಕೋಡಿನ ಕಡೆಯೂ ಹಾಗೆಯೇ: ಪೈಥಾನ್‌ನಲ್ಲಿ ಡೆಸಿಮಲ್, ಜಾವಾದಲ್ಲಿ ಬಿಗ್‌ಡೆಸಿಮಲ್.

## ಹಂತ 2: ಪ್ರೋಗ್ರಾಂನ ಯೂಸರ್ ಆಗಿಯೇ ಕೈಯಾರೆ ಓಡಿಸಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ವರ್ಕ್‌ಬೆಂಚ್‌ನಲ್ಲಿ ರೂಟ್ ಯೂಸರ್ ಆಗಿ ಓಡಿಸಿ "ಓಡ್ತಿದೆ" ಅನ್ನುತ್ತಾರೆ. ರೂಟ್‌ಗೆ ಎಲ್ಲವೂ ಓಡುತ್ತದೆ. ಅದರಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ.

ಪ್ರೋಗ್ರಾಂನ ಸಂರಚನೆ ಫೈಲ್‌ನಲ್ಲಿರುವ ಅದೇ ಯೂಸರ್, ಅದೇ ಪಾಸ್‌ವರ್ಡ್, ಅದೇ ಹೋಸ್ಟ್, ಅದೇ ಡೇಟಾಬೇಸ್ ಹೆಸರು ಹಾಕಿ ಹೊಸ ಸಂಪರ್ಕ ಮಾಡಿ. ಸಾಧ್ಯವಾದರೆ ಪ್ರೋಗ್ರಾಂ ಓಡುವ ಯಂತ್ರದಿಂದಲೇ ಮಾಡಿ. ನಂತರ ಕಾಲ್ ಲಾಟ್_ರಿಸೀವ್ ಎಂದು ಬರೆದು ಒಳಗೆ ಹೋಗುವ ಆರಕ್ಕೆ ಬೆಲೆ (ವ್ಯಾಲ್ಯೂ) ಕೊಟ್ಟು, ಹೊರಗೆ ಬರುವ ಎರಡರ ಜಾಗದಲ್ಲಿ @ ಚಿಹ್ನೆಯಿಂದ ಶುರುವಾಗುವ ಸೆಷನ್ ವೇರಿಯಬಲ್ ಕೊಡಿ. ಆಮೇಲೆ ಆ ಎರಡು ವೇರಿಯಬಲ್‌ಗಳನ್ನು ಸೆಲೆಕ್ಟ್ ಮಾಡಿ ನೋಡಿ.

ಇಲ್ಲಿ ಬರಬಹುದಾದ ಎರರ್ ಸಂಖ್ಯೆಗಳು ದಾರಿ ತೋರಿಸುತ್ತವೆ. 1305 ಬಂದರೆ ಆ ಡೇಟಾಬೇಸ್‌ನಲ್ಲಿ ಆ ಹೆಸರಿನ ಪ್ರೊಸೀಜರ್ ಇಲ್ಲ. ಬಹುಶಃ ನೀವು ಬೇರೆ ಡೇಟಾಬೇಸ್‌ನಲ್ಲಿ ಸೃಷ್ಟಿಸಿದ್ದೀರಿ. 1318 ಎಂದರೆ ನಿಯತಾಂಕಗಳ ಎಣಿಕೆ ತಪ್ಪು. 1414 ಎಂದರೆ ಔಟ್ ಜಾಗಕ್ಕೆ ವೇರಿಯಬಲ್ ಬದಲು ಸಂಖ್ಯೆಯನ್ನೋ ಪದವನ್ನೋ ಕೊಟ್ಟಿದ್ದೀರಿ. 1370 ಎಂದರೆ ಅನುಮತಿ ಇಲ್ಲ, ಮುಂದಿನ ಹಂತ ನೋಡಿ.

1064 ಬಂದು, ಡಿಲಿಮಿಟರ್ ಎಂಬ ಪದದ ಹತ್ತಿರ ತಪ್ಪಿದೆ ಎಂದರೆ ಅದರ ಕತೆಯೇ ಬೇರೆ. ಪ್ರೊಸೀಜರ್ ಸೃಷ್ಟಿಸುವ ಸ್ಕ್ರಿಪ್ಟನ್ನು ಕೆಲವರು ಪ್ರೋಗ್ರಾಂನಿಂದಲೇ ಕಳಿಸುತ್ತಾರೆ. ಡಿಲಿಮಿಟರ್ ಎಂಬುದು ಸ್ಟೇಟ್‌ಮೆಂಟ್ ಎಲ್ಲಿ ಮುಗಿಯುತ್ತದೆ ಎಂದು ತಿಳಿಸುವ ಕ್ಲೈಂಟ್‌ನ ಆದೇಶ, ಸರ್ವರ್‌ಗೆ ಅದು ಗೊತ್ತೇ ಇಲ್ಲ. ಕೋಡಿನಿಂದ ಕಳಿಸುವಾಗ ಆ ಸಾಲುಗಳನ್ನು ತೆಗೆದು, ಕ್ರಿಯೇಟ್‌ನಿಂದ ಎಂಡ್ ತನಕ ಒಂದೇ ಸ್ಟೇಟ್‌ಮೆಂಟ್ ಆಗಿ ಕಳಿಸಿ.

ಫಲಿತಾಂಶದ ಎಷ್ಟು ಕೋಷ್ಟಕಗಳು ಬಂದವು ಎಂದು ಎಣಿಸಿ. ಮೊದಲ ಹಂತದಲ್ಲಿ ಬರೆದುಕೊಂಡ ಸಂಖ್ಯೆಗೆ ತಾಳೆಯಾಗಬೇಕು. ಆಗದಿದ್ದರೆ ಕೋಡ್ ಮುಟ್ಟಬೇಡಿ.

## ಹಂತ 3: ಅನುಮತಿ

ಪ್ರೋಗ್ರಾಂನ ಯೂಸರ್‌ಗೆ ಆ ಪ್ರೊಸೀಜರ್ ಮೇಲೆ ಎಕ್ಸಿಕ್ಯೂಟ್ ಹಕ್ಕು ಕೊಟ್ಟರೆ ಸಾಕು. ಮೈಎಸ್‌ಕ್ಯೂಎಲ್‌ನಲ್ಲಿ ಪ್ರೊಸೀಜರ್ ಸಾಮಾನ್ಯವಾಗಿ ಅದನ್ನು ಸೃಷ್ಟಿಸಿದವರ, ಅಂದರೆ ಡಿಫೈನರ್‌ನ ಹಕ್ಕಿನಲ್ಲಿ ಓಡುತ್ತದೆ. ಹಾಗಾಗಿ ಟೇಬಲ್ ಮೇಲೆ ನೇರ ಹಕ್ಕು ಕೊಡುವ ಅಗತ್ಯವಿಲ್ಲ. ತೂಕದ ಕೌಂಟರ್‌ನಲ್ಲಿ ಕೂತವರು ಲಾಟ್ ಸೇರಿಸಬಹುದು, ಹಳೇ ಲಾಟ್ ಅಳಿಸಲಾಗದು ಎಂಬ ವ್ಯವಸ್ಥೆ ಇದರಿಂದಲೇ ಸಿಗುತ್ತದೆ. ಎರರ್ ಹೋಗಲಿ ಎಂದು ಎಲ್ಲ ಹಕ್ಕನ್ನೂ ಕೊಟ್ಟುಬಿಡುವವರು ಪ್ರೊಸೀಜರ್‌ನ ಅರ್ಧ ಪ್ರಯೋಜನವನ್ನು ಅಲ್ಲೇ ಚೆಲ್ಲಿದ ಹಾಗೆ.

ಯೂಸರ್ ಎಂದರೆ ಹೆಸರು ಮಾತ್ರ ಅಲ್ಲ, ಹೆಸರು ಮತ್ತು ಹೋಸ್ಟ್ (ಯಾವ ಯಂತ್ರದಿಂದ ಬಂದವರು) ಎರಡೂ ಸೇರಿ ಒಂದು ಖಾತೆ. ಆಪ್ ಎಂಬ ಹೆಸರಿದ್ದರೆ, ಲೋಕಲ್‌ಹೋಸ್ಟ್‌ನ ಆಪ್ ಬೇರೆ, ಶೇಕಡಾ ಚಿಹ್ನೆಯ ಹೋಸ್ಟ್ ಇರುವ ಆಪ್ ಬೇರೆ. ಐ.ಜಿ. ರಸ್ತೆಯ ಆಫೀಸಿನ ಸರ್ವರ್ ಮೇಲೆ ಓಡುವ ಪ್ರೋಗ್ರಾಂ ಆಲ್ದೂರಿನ ಗೋದಾಮಿನಿಂದ ಓಡದಿದ್ದರೆ ಮೊದಲು ಇದನ್ನೇ ನೋಡಿ.

ಜಾವಾದಲ್ಲಿ ಇನ್ನೊಂದು ಕಿರಿಕಿರಿ ಇದೆ. ಕನೆಕ್ಟರ್ ಜೆ ಡ್ರೈವರ್ ಕರೆಯುವ ಮೊದಲು ಪ್ರೊಸೀಜರ್‌ನ ವಿವರ ಓದಲು ಹೋಗುತ್ತದೆ. ಬರೀ ಎಕ್ಸಿಕ್ಯೂಟ್ ಹಕ್ಕಿರುವ ಯೂಸರ್‌ಗೆ ಆ ವಿವರ ಕಾಣದೆ, ಮೆಟಾಡೇಟಾ ನೋಡಲು ಅನುಮತಿ ಇಲ್ಲ ಎಂಬ ದೂರು ಬರುತ್ತದೆ. ಮೈಎಸ್‌ಕ್ಯೂಎಲ್ 8.0.20ರಿಂದ ಇದಕ್ಕೆಂದೇ ಶೋ_ರೂಟೀನ್ ಎಂಬ ಪ್ರತ್ಯೇಕ ಹಕ್ಕು ಇದೆ. ಅದನ್ನು ಕೊಡಿ. ಸಂಪರ್ಕದ ಸಾಲಿನಲ್ಲಿ ನೋ‌ಆಕ್ಸೆಸ್‌ಟುಪ್ರೊಸೀಜರ್‌ಬಾಡೀಸ್ ಎಂದು ಹಾಕುವುದು ಇನ್ನೊಂದು ದಾರಿ, ಆದರೆ ಆಗ ಡ್ರೈವರ್ ಎಲ್ಲ ನಿಯತಾಂಕವನ್ನೂ ಇನ್‌ಔಟ್ ಪಠ್ಯ ಎಂದೇ ಭಾವಿಸುತ್ತದೆ. ನನಗೆ ಮೊದಲನೆಯದೇ ಸರಿ ಕಾಣುತ್ತದೆ.

## ಹಂತ 4: ಕೋಡಿನಿಂದ ಕರೆಯುವುದು

ಎರಡನೇ ಹಂತ ದಾಟಿದ ಮೇಲೆ ಇದು ಚಿಕ್ಕ ಕೆಲಸ.

ಮೈಎಸ್‌ಕ್ಯೂಎಲ್ ಕನೆಕ್ಟರ್ ಪೈಥಾನ್‌ನಲ್ಲಿ ಕರ್ಸರ್‌ನ (ಆದೇಶ ಕಳಿಸಿ ಫಲಿತಾಂಶ ಓದುವ ವಸ್ತು) ಕಾಲ್‌ಪ್ರಾಕ್ ಮೆಥಡ್‌ಗೆ ಪ್ರೊಸೀಜರ್ ಹೆಸರು ಮತ್ತು ಎಂಟು ಬೆಲೆಗಳ ಪಟ್ಟಿ ಕೊಡಿ. ಔಟ್ ಜಾಗಕ್ಕೆ ಸೊನ್ನೆ ಇಟ್ಟರೆ ಸಾಕು, ಜಾಗ ಹಿಡಿಯಲಿಕ್ಕೆ ಅಷ್ಟೇ. ಔಟ್ ಬೆಲೆಗಳು ನೀವು ಕೊಟ್ಟ ಪಟ್ಟಿಯೊಳಗೆ ಬಂದು ಕೂರುವುದಿಲ್ಲ. ಮೆಥಡ್ ವಾಪಸ್ ಕೊಡುವ ಹೊಸ ಪಟ್ಟಿಯಲ್ಲಿ ಇರುತ್ತವೆ. ವಾಪಸ್ ಬಂದದ್ದನ್ನು ಹಿಡಿದಿಟ್ಟುಕೊಳ್ಳದೆ ಹಳೇ ಪಟ್ಟಿಯನ್ನೇ ನೋಡಿ "ಸೊನ್ನೆ ಬರ್ತಿದೆ" ಎನ್ನುವವರಿಗೆ ಉತ್ತರ ಇಷ್ಟೇ.

ಪೈಮೈಎಸ್‌ಕ್ಯೂಎಲ್‌ನಲ್ಲಿ ಹಾಗಲ್ಲ. ಅಲ್ಲಿ ವಾಪಸ್ ಬರುವುದೂ ನೀವು ಕೊಟ್ಟ ಹಳೇ ಬೆಲೆಗಳೇ. ಅಸಲಿ ಬೆಲೆ ಸರ್ವರ್‌ನ ಸೆಷನ್ ವೇರಿಯಬಲ್‌ಗಳಲ್ಲಿ ಇರುತ್ತದೆ: @, ಅಡಿಗೆರೆ, ಪ್ರೊಸೀಜರ್ ಹೆಸರು, ಅಡಿಗೆರೆ, ಸೊನ್ನೆಯಿಂದ ಶುರುವಾಗುವ ಕ್ರಮಾಂಕ. ನಮ್ಮ ಉದಾಹರಣೆಯಲ್ಲಿ ರಸೀದಿ ನಂಬರ್ ಏಳನೇ ನಿಯತಾಂಕ, ಆದ್ದರಿಂದ ಅದರ ಕ್ರಮಾಂಕ 6. ಪ್ರೊಸೀಜರ್ ಕಳಿಸಿದ ಪಟ್ಟಿಯನ್ನು ಓದಿ ಮುಗಿಸಿದ ಮೇಲೆ ಆ ವೇರಿಯಬಲ್‌ಗಳನ್ನು ಪ್ರತ್ಯೇಕ ಸೆಲೆಕ್ಟ್‌ನಿಂದ ತರಬೇಕು.

ಪಿಎಚ್‌ಪಿಯಲ್ಲಿ ಒಳಗೆ ಹೋಗುವ ಆರಕ್ಕೆ ಪ್ರಶ್ನೆ ಚಿಹ್ನೆ ಇಟ್ಟು ಪ್ರಿಪೇರ್ ಮಾಡಿ, ಔಟ್ ಜಾಗದಲ್ಲಿ @ ವೇರಿಯಬಲ್ ಬರೆಯಿರಿ. ಎರಡನೇ ಸೆಲೆಕ್ಟ್ ಅದೇ ಸಂಪರ್ಕದಲ್ಲಿ ಓಡಬೇಕು. ಈ ವೇರಿಯಬಲ್‌ಗಳು ಸಂಪರ್ಕಕ್ಕೆ ಅಂಟಿಕೊಂಡವು, ಪೂಲ್‌ನಿಂದ (ತೆರೆದಿಟ್ಟ ಸಂಪರ್ಕಗಳ ಗುಂಪು) ಬೇರೆ ಸಂಪರ್ಕ ಎತ್ತಿಕೊಂಡರೆ ನಲ್ ಬರುತ್ತದೆ.

ಜಾವಾದಲ್ಲಿ ಪ್ರಿಪೇರ್‌ಕಾಲ್‌ಗೆ ಹೂಬ್ರಾಕೆಟ್‌ನೊಳಗೆ ಕಾಲ್ ಮತ್ತು ಎಂಟು ಪ್ರಶ್ನೆ ಚಿಹ್ನೆ. ಎಣಿಕೆ ಒಂದರಿಂದ ಶುರು, ಸೊನ್ನೆಯಿಂದಲ್ಲ. ಏಳು, ಎಂಟನ್ನು ಓಡಿಸುವ ಮೊದಲೇ ರಿಜಿಸ್ಟರ್‌ಔಟ್‌ಪ್ಯಾರಾಮೀಟರ್‌ನಿಂದ ಬಗೆ ಸಮೇತ ನೋಂದಾಯಿಸಿ.

ಯಾವ ಭಾಷೆಯಾದರೂ ಸರಿ, ಬೆಲೆಗಳನ್ನು ಸ್ಟ್ರಿಂಗ್‌ಗೆ ಅಂಟಿಸಿ ಕರೆಯಬೇಡಿ. ಪ್ರೊಸೀಜರ್ ಬಳಸಿದರೆ ಇಂಜೆಕ್ಷನ್, ಅಂದರೆ ಬೆಲೆಯ ಜಾಗದಲ್ಲಿ ಯಾರೋ ಬೇರೆ ಆದೇಶ ತೂರಿಸುವ, ಭಯವಿಲ್ಲ ಎಂಬ ಮಾತು ಚಾಲ್ತಿಯಲ್ಲಿದೆ, ಅದು ಅರ್ಧ ಸತ್ಯ. ಕರೆಯುವ ಸಾಲನ್ನೇ ಅಂಟಿಸಿ ಕಟ್ಟಿದರೆ ಭಯ ಹಾಗೇ ಉಳಿಯುತ್ತದೆ, ಪ್ರೊಸೀಜರ್ ಒಳಗೆ ಸಾಲು ಕಟ್ಟಿ ಓಡಿಸಿದರೂ ಉಳಿಯುತ್ತದೆ. ಕಳ್ಳರು ಬರುವುದು ಹಾಗಿರಲಿ, ಡಿ'ಸೋಜಾ ಎಂಬ ಉಪನಾಮದ ಬೆಳೆಗಾರರನ್ನು ಇಂಗ್ಲಿಷ್‌ನಲ್ಲಿ ಸೇರಿಸುವಾಗಲೇ ಆ ಒಂಟಿ ಉದ್ಧರಣ ಚಿಹ್ನೆಗೆ ಇಡೀ ಕರೆ ಮುರಿದು ಬೀಳುತ್ತದೆ. ನಮ್ಮ ಜಿಲ್ಲೆಯಲ್ಲಿ ಈ ಪರೀಕ್ಷೆಗೆ ಹುಡುಕಿಕೊಂಡು ಹೋಗಬೇಕಿಲ್ಲ. ದಿನಾಂಕವನ್ನೂ ಪಠ್ಯವಾಗಿ ಕಳಿಸದೆ ಭಾಷೆಯ ದಿನಾಂಕ ವಸ್ತುವಾಗಿಯೇ ಕಳಿಸಿ.

## ಹಂತ 5: ಬಂದದ್ದನ್ನೆಲ್ಲ ಓದಿ ಮುಗಿಸಿ, ಆಮೇಲೆ ಔಟ್ ನೋಡಿ

ನನ್ನ ಹತ್ತಿರ ಬರುವ ತೊಂದರೆಗಳಲ್ಲಿ ದೊಡ್ಡ ಪಾಲು ಇಲ್ಲಿನದು. ಸಾದಾ ಸೆಲೆಕ್ಟ್ ಒಂದು ಫಲಿತಾಂಶ ಕೊಡುತ್ತದೆ. ಕಾಲ್ ಆದೇಶ ಎಷ್ಟು ಬೇಕಾದರೂ ಕೊಡಬಹುದು, ಮತ್ತು ಎಲ್ಲವೂ ಮುಗಿದ ಮೇಲೆ ಕೊನೆಗೆ ಒಂದು ಸ್ಥಿತಿ ಉತ್ತರವನ್ನು ಕೊಟ್ಟೇ ಕೊಡುತ್ತದೆ. ನಮ್ಮ ಲಾಟ್_ರಿಸೀವ್ ಒಂದು ಪಟ್ಟಿ ಕೊಡುತ್ತದೆ ಎಂದರೆ ಸಂಪರ್ಕದ ತಂತಿಯ ಮೇಲೆ ಬರುವುದು ಎರಡು ಉತ್ತರ. ಪಟ್ಟಿ ಓದಿ ಸುಮ್ಮನಾದರೆ ಎರಡನೆಯದು ಓದದೆ ಹಾಗೇ ಕೂತಿರುತ್ತದೆ. ಮುಂದಿನ ಆದೇಶ ಕಳಿಸಿದಿರೋ, 2014: ಕಮಾಂಡ್ಸ್ ಔಟ್ ಆಫ್ ಸಿಂಕ್.

ಈ ಎರರ್‌ನ ಕೆಟ್ಟ ಗುಣ ಏನೆಂದರೆ ಅದು ತಪ್ಪು ಮಾಡಿದ ಜಾಗದಲ್ಲಿ ಕಾಣಿಸುವುದಿಲ್ಲ. ಲಾಟ್ ಸೇರಿಸುವ ಪರದೆ ಚೆನ್ನಾಗಿ ಓಡುತ್ತದೆ. ಆಮೇಲೆ ಬೆಳೆಗಾರರ ವಿಳಾಸ ತೋರಿಸುವ, ಪ್ರೊಸೀಜರ್‌ಗೆ ಸಂಬಂಧವೇ ಇಲ್ಲದ ಸಾದಾ ಸೆಲೆಕ್ಟ್ ಬೀಳುತ್ತದೆ. ಎಲ್ಲರೂ ಆ ಸೆಲೆಕ್ಟನ್ನು ರಿಪೇರಿ ಮಾಡಲು ಹೊರಡುತ್ತಾರೆ. 2014 ಕಂಡರೆ ಬಿದ್ದ ಸಾಲನ್ನು ಬಿಟ್ಟು, ಅದೇ ಸಂಪರ್ಕದಲ್ಲಿ ಅದಕ್ಕಿಂತ ಮೊದಲು ಯಾವ ಪ್ರೊಸೀಜರ್ ಕರೆದಿದ್ದಿರಿ ಎಂದು ಹಿಂದಕ್ಕೆ ನೋಡಿ.

ಮದ್ದು: ಪಿಎಚ್‌ಪಿಯ ಮೈಎಸ್‌ಕ್ಯೂಎಲ್‌ಐನಲ್ಲಿ ಮೋರ್_ರಿಸಲ್ಟ್ಸ್ ಇರುವ ತನಕ ನೆಕ್ಸ್ಟ್_ರಿಸಲ್ಟ್ ಕರೆಯುವ ಲೂಪ್. ಪಿಎಚ್‌ಪಿಯದೇ ಪಿಡಿಒದಲ್ಲಿ ನೆಕ್ಸ್ಟ್‌ರೋಸೆಟ್. ಪೈಮೈಎಸ್‌ಕ್ಯೂಎಲ್‌ನಲ್ಲಿ ನೆಕ್ಸ್ಟ್‌ಸೆಟ್. ಮೈಎಸ್‌ಕ್ಯೂಎಲ್ ಕನೆಕ್ಟರ್‌ನ ಕಾಲ್‌ಪ್ರಾಕ್ ಮಾತ್ರ ಎಲ್ಲವನ್ನೂ ತಾನೇ ಓದಿ ಬದಿಗಿಟ್ಟಿರುತ್ತದೆ. ಅಲ್ಲಿ ಫೆಚ್‌ಆಲ್ ಕರೆದರೆ ತರಲು ಫಲಿತಾಂಶವೇ ಇಲ್ಲ ಎಂಬ ಎರರ್ ಬರುತ್ತದೆ. ಸ್ಟೋರ್ಡ್_ರಿಸಲ್ಟ್ಸ್ ಮೂಲಕ ಒಂದೊಂದಾಗಿ ತೆಗೆಯಬೇಕು.

ಓದುವ ಕ್ರಮವೂ ಮುಖ್ಯ. ಮೊದಲು ಎಲ್ಲ ಫಲಿತಾಂಶ, ನಂತರ ಔಟ್ ಬೆಲೆಗಳು. ಜಾವಾದಲ್ಲಿ ಎಲ್ಲ ಡೇಟಾಬೇಸ್‌ಗೂ ಹೊಂದುವ ಕ್ರಮ ಇದೇ. ಗೆಟ್‌ಮೋರ್‌ರಿಸಲ್ಟ್ಸ್ ಸುಳ್ಳು ಎಂದು, ಗೆಟ್‌ಅಪ್‌ಡೇಟ್‌ಕೌಂಟ್ -1 ಎಂದು ಎರಡೂ ಹೇಳಿದಾಗ ಮಾತ್ರ ಮುಗಿಯಿತು ಎಂದರ್ಥ. ಸಿ ಶಾರ್ಪ್‌ನಿಂದ ಎಸ್‌ಕ್ಯೂಎಲ್ ಸರ್ವರ್ (ಮೈಕ್ರೋಸಾಫ್ಟ್‌ನ ಡೇಟಾಬೇಸ್) ಕರೆಯುವವರು ಫಲಿತಾಂಶ ಓದುವ ರೀಡರ್ ಮುಚ್ಚುವ ಮೊದಲು ಔಟ್‌ಪುಟ್ ನಿಯತಾಂಕ ನೋಡಿದರೆ ಬೆಲೆ ಇರುವುದಿಲ್ಲ. ಎರರೂ ಬರುವುದಿಲ್ಲ, ಸುಮ್ಮನೆ ಖಾಲಿ. ಅದರ ಜೊತೆಗೆ ಅಲ್ಲಿ ಪ್ರೊಸೀಜರ್‌ನ ಮೊದಲ ಸಾಲಿನಲ್ಲೇ ಸೆಟ್ ನೋಕೌಂಟ್ ಆನ್ ಹಾಕಿ, ಇಲ್ಲದಿದ್ದರೆ "ಇಷ್ಟು ಸಾಲು ಬದಲಾಯಿತು" ಎಂಬ ಸಂದೇಶಗಳೂ ಕೆಲವು ಡ್ರೈವರ್‌ಗಳಲ್ಲಿ ಫಲಿತಾಂಶದ ನಡುವೆ ತೂರಿಕೊಳ್ಳುತ್ತವೆ.

## ಹಂತ 6: ಕಮಿಟ್ ಯಾರದು ಎಂದು ಮೊದಲೇ ತೀರ್ಮಾನಿಸಿ

ಲಕ್ಷಣ ಹೀಗಿರುತ್ತದೆ: ಪ್ರೋಗ್ರಾಂ ರಸೀದಿ ನಂಬರ್ 1041 ತೋರಿಸಿತು. ವರ್ಕ್‌ಬೆಂಚ್‌ನಲ್ಲಿ ಟೇಬಲ್ ನೋಡಿದರೆ ಸಾಲು ಇಲ್ಲ. ಮತ್ತೆ ಓಡಿಸಿದರೆ 1042 ಬಂತು, ಟೇಬಲ್ ಇನ್ನೂ ಖಾಲಿ. ಸಾಲು ಸೇರಿತ್ತು, ಕಮಿಟ್ ಆಗದೆ ಸಂಪರ್ಕ ಮುಚ್ಚಿದಾಗ ರೋಲ್‌ಬ್ಯಾಕ್ ಆಯಿತು, ಅಂದರೆ ರದ್ದಾಯಿತು. ಆಟೋ ಇಂಕ್ರಿಮೆಂಟ್ (ತಾನಾಗಿ ಏರುವ) ಸಂಖ್ಯೆ ಮಾತ್ರ ಹಿಂದಕ್ಕೆ ಹೋಗುವುದಿಲ್ಲ, ಅದಕ್ಕೇ ಎಣಿಕೆ ಮುಂದೆ ಹೋಗುತ್ತಲೇ ಇರುತ್ತದೆ.

ವರ್ಕ್‌ಬೆಂಚ್‌ನಲ್ಲಿ ಆಟೋಕಮಿಟ್ (ಪ್ರತಿ ಆದೇಶವನ್ನೂ ತಾನಾಗಿ ಕಮಿಟ್ ಮಾಡುವುದು) ಆನ್ ಇರುತ್ತದೆ. ಜಾವಾ, ಪಿಎಚ್‌ಪಿಯಲ್ಲೂ ಮೊದಲಿಂದ ಆನ್. ಪೈಥಾನ್‌ನ ಈ ಎರಡು ಡ್ರೈವರ್‌ಗಳಲ್ಲಿ ಆಫ್. "ಅಲ್ಲಿ ಓಡುತ್ತೆ, ಇಲ್ಲಿ ಓಡಲ್ಲ" ಎಂಬುದಕ್ಕೆ ಎಷ್ಟೋ ಸಲ ಇಷ್ಟೇ ಕಾರಣ. ಆಟೋಕಮಿಟ್ ಆಫ್ ಇದ್ದಾಗ ಬೆಳಿಗ್ಗೆಯಿಂದ ಒಂದೇ ಸಂಪರ್ಕ ತೆರೆದಿಟ್ಟರೆ ಇನ್ನೊಂದು ತೊಂದರೆಯೂ ಇದೆ: ಮೊದಲ ಸೆಲೆಕ್ಟ್ ಹೊತ್ತಿನ ಚಿತ್ರವೇ ಕಾಣುತ್ತಿರುತ್ತದೆ, ಬೇರೆ ಕೌಂಟರ್‌ನವರು ಸೇರಿಸಿದ ಲಾಟ್‌ಗಳು ಕಾಣುವುದೇ ಇಲ್ಲ.

ನನ್ನ ಪದ್ಧತಿ: ಪ್ರೊಸೀಜರ್ ಒಳಗೆ ಸ್ಟಾರ್ಟ್ ಟ್ರಾನ್ಸಾಕ್ಷನ್, ಕಮಿಟ್ ಬರೆಯುವುದಿಲ್ಲ. (ಟ್ರಾನ್ಸಾಕ್ಷನ್ ಎಂದರೆ ಒಟ್ಟಿಗೇ ಉಳಿಯಬೇಕಾದ ಅಥವಾ ಒಟ್ಟಿಗೇ ರದ್ದಾಗಬೇಕಾದ ಆದೇಶಗಳ ಗುಂಪು.) ಕರೆದವರು ಕಮಿಟ್ ಮಾಡಲಿ. ಮೈಎಸ್‌ಕ್ಯೂಎಲ್‌ನಲ್ಲಿ ಒಳಗೆ ಸ್ಟಾರ್ಟ್ ಟ್ರಾನ್ಸಾಕ್ಷನ್ ಬಂದ ತಕ್ಷಣ ಹೊರಗೆ ಶುರುವಾಗಿದ್ದ ಟ್ರಾನ್ಸಾಕ್ಷನ್ ಸದ್ದಿಲ್ಲದೆ ಕಮಿಟ್ ಆಗಿಬಿಡುತ್ತದೆ. ಲಾಟ್ ಸೇರಿಸಿ, ಮುಂಗಡ ಕಡಿತಗೊಳಿಸಿ, ಎರಡೂ ಆದರೆ ಮಾತ್ರ ಉಳಿಸು ಎಂದು ನೀವು ಬರೆದಿದ್ದರೆ ಆ ಭರವಸೆ ಅಲ್ಲಿಗೆ ಮುರಿಯಿತು. ಎಲ್ಲವೂ ಒಂದೇ ಪ್ರೊಸೀಜರ್‌ನಲ್ಲಿ ಮುಗಿಯುತ್ತದೆ ಎಂದಾದರೆ ಒಳಗಿಡುವುದೂ ತಪ್ಪಲ್ಲ. ಎರಡು ಕಡೆಯೂ ಇಡುವುದು ತಪ್ಪು.

## ಹಂತ 7: ತಪ್ಪು ಆದಾಗ ಅದು ಕೋಡಿನ ತನಕ ಬರಲಿ

ಅಲ್ಲಿ ಇಲ್ಲಿ ಸಿಗುವ ಮಾದರಿಗಳಲ್ಲಿ ಎಕ್ಸಿಟ್ ಹ್ಯಾಂಡ್ಲರ್ ಫಾರ್ ಎಸ್‌ಕ್ಯೂಎಲ್‌ಎಕ್ಸೆಪ್ಷನ್ (ಎರರ್ ಬಂದರೆ ಓಡಬೇಕಾದ ಭಾಗ) ಎಂದು ಬರೆದು ಒಳಗೆ ಬರೀ ರೋಲ್‌ಬ್ಯಾಕ್ ಇರುತ್ತದೆ. ಎಲ್ಲರೂ ಅದನ್ನೇ ನಕಲು ಮಾಡುತ್ತಾರೆ. ಅದರ ಅರ್ಥ: ಏನೇ ಅನಾಹುತವಾದರೂ ಹಿಂದೆ ಸರಿ, ಯಾರಿಗೂ ಹೇಳಬೇಡ. ಪ್ರೋಗ್ರಾಂಗೆ ಎರರ್ ಸಿಗುವುದಿಲ್ಲ, ಪರದೆಯಲ್ಲಿ "ಉಳಿಸಲಾಗಿದೆ" ಎಂದು ಬರುತ್ತದೆ, ಬೆಳೆಗಾರರು ಕೈಬರಹದ ಚೀಟಿ ಹಿಡಿದು ಮನೆಗೆ ಹೋಗುತ್ತಾರೆ. ರೋಲ್‌ಬ್ಯಾಕ್ ನಂತರದ ಸಾಲಿನಲ್ಲಿ ರಿಸಿಗ್ನಲ್ ಬರೆಯಿರಿ. ಮೂಲ ಎರರ್ ಹಾಗೇ ಮೇಲೆ ಬರುತ್ತದೆ.

ನಿಮ್ಮದೇ ನಿಯಮ ಮುರಿದಾಗ, ಉದಾಹರಣೆಗೆ ತೂಕ ಸೊನ್ನೆ ಇದ್ದಾಗ ಅಥವಾ ಬೆಳೆಗಾರರ ಖಾತೆ ಮುಚ್ಚಿದ್ದಾಗ, ಎಸ್‌ಕ್ಯೂಎಲ್‌ಸ್ಟೇಟ್ 45000 ಇಟ್ಟು ಸಿಗ್ನಲ್ ಕೊಡಿ. ಕೋಡಿಗೆ ಅದು ಎರರ್ 1644 ಆಗಿ ಬರುತ್ತದೆ. ಆ ಸಂಖ್ಯೆ ಬಂದರೆ ಸಂದೇಶವನ್ನು ಹಾಗೇ ಪರದೆಯಲ್ಲಿ ತೋರಿಸಿ, ಬೇರೆ ಯಾವುದೇ ಬಂದರೂ ಲಾಗ್‌ಗೆ ಬರೆದು "ಮತ್ತೆ ಪ್ರಯತ್ನಿಸಿ" ಎನ್ನಿ. 1213 ಡೆಡ್‌ಲಾಕ್ (ಒಬ್ಬರು ಹಿಡಿದ ಲಾಕ್‌ಗೆ ಇನ್ನೊಬ್ಬರು ಪರಸ್ಪರ ಕಾದು ಸಿಕ್ಕಿಕೊಳ್ಳುವುದು), ಅದನ್ನು ಮೊದಲಿಂದ ಮತ್ತೊಮ್ಮೆ ಓಡಿಸಬಹುದು. 1205 ಎಂದರೆ ಬೇರೆಯವರು ಹಿಡಿದ ಲಾಕ್ ಬಿಡುವುದಕ್ಕೆ ಕಾದು ಸಾಕಾಯಿತು ಎಂದರ್ಥ. ಬದಲಾಯಿಸದಿದ್ದರೆ ಆ ಕಾಯುವಿಕೆ 50 ಸೆಕೆಂಡ್. ಬಹುಶಃ ಯಾರೋ ವರ್ಕ್‌ಬೆಂಚ್‌ನಲ್ಲಿ ಆಟೋಕಮಿಟ್ ಆಫ್ ಮಾಡಿ ಅಪ್‌ಡೇಟ್ ಕೊಟ್ಟು ಊಟಕ್ಕೆ ಹೋಗಿದ್ದಾರೆ.

ಎರರ್ ಅಲ್ಲದ ಒಂದು ಅಪಾಯವನ್ನೂ ನೋಡಿಕೊಳ್ಳಿ. ಸೆಲೆಕ್ಟ್ ಇಂಟುಗೆ ಸಾಲು ಸಿಗದಿದ್ದರೆ ಮೈಎಸ್‌ಕ್ಯೂಎಲ್ ಕೊಡುವುದು ಬರೀ ಎಚ್ಚರಿಕೆ, ಸಂಖ್ಯೆ 1329. ವೇರಿಯಬಲ್‌ನಲ್ಲಿ ಹಳೇ ಬೆಲೆಯೇ ಉಳಿಯುತ್ತದೆ. ಒಂದು ಲೂಪ್‌ನಲ್ಲಿ ಲಾಟ್‌ಗಳನ್ನು ಓದುತ್ತಾ, ಪ್ರತಿ ಲಾಟ್‌ಗೆ ದರ ಹುಡುಕುತ್ತಿದ್ದೀರಿ ಎಂದುಕೊಳ್ಳಿ. ಒಂದು ಬಗೆಗೆ ದರ ಸಿಗಲಿಲ್ಲ. ನಾಟ್ ಫೌಂಡ್ ಹ್ಯಾಂಡ್ಲರ್ ಲಾಟ್‌ಗಳನ್ನು ಸಾಲು ಸಾಲಾಗಿ ಓದುವ ಕರ್ಸರ್‌ಗೆಂದು ಇಟ್ಟದ್ದು, ಆದರೆ ಅದು ಈ ಸೆಲೆಕ್ಟ್‌ಗೂ ಓಗೊಡುತ್ತದೆ. ಪಟ್ಟಿ ಮುಗಿಯಿತೆಂದು ಲೂಪ್ ನಡುವೆಯೇ ನಿಲ್ಲುತ್ತದೆ. ಕೆಲವರ ಲೆಕ್ಕ ಬಂತು, ಕೆಲವರದು ಬರಲಿಲ್ಲ ಎಂಬ ದೂರು ಬಂದರೆ ಇದನ್ನು ಹುಡುಕಿ. ಒಳಗಿನ ಸೆಲೆಕ್ಟನ್ನು ಅದರದ್ದೇ ಬಿಗಿನ್ ಎಂಡ್ ಒಳಗೆ, ಅದರದ್ದೇ ಹ್ಯಾಂಡ್ಲರ್ ಸಮೇತ ಇಟ್ಟರೆ ಸರಿಹೋಗುತ್ತದೆ.

## ಹಂತ 8: ಕನ್ನಡ ಹೆಸರು ಪ್ರಶ್ನೆ ಚಿಹ್ನೆಗಳಾಗಿ ಬಂದರೆ

ಟೇಬಲ್‌ಗೆ ನೇರ ಇನ್ಸರ್ಟ್ ಮಾಡಿದರೆ ಕನ್ನಡ ಸರಿ, ಪ್ರೊಸೀಜರ್ ಮೂಲಕ ಹೋದರೆ ಸಾಲುಸಾಲು ಪ್ರಶ್ನೆ ಚಿಹ್ನೆ. ಇದಕ್ಕೆ ಕಾರಣ ಗೊತ್ತಿರುವವರು ಕಡಿಮೆ. ಪಠ್ಯ ನಿಯತಾಂಕಕ್ಕೆ ಅಕ್ಷರಗಣ (ಕ್ಯಾರೆಕ್ಟರ್ ಸೆಟ್) ಹೇಳದಿದ್ದರೆ, ಪ್ರೊಸೀಜರ್ ಸೃಷ್ಟಿಯಾದ ಹೊತ್ತಿನಲ್ಲಿ ಡೇಟಾಬೇಸ್‌ಗೆ ಯಾವುದಿತ್ತೋ ಅದೇ ನಿಯತಾಂಕಕ್ಕೂ ಅಂಟುತ್ತದೆ. 5.7ರ ತನಕ ಮೈಎಸ್‌ಕ್ಯೂಎಲ್‌ನ ಮೂಲ ಅಕ್ಷರಗಣ ಲ್ಯಾಟಿನ್1, 8.0ರಿಂದ ಯುಟಿಎಫ್8ಎಂಬಿ4. ಹಳೇ ಡೇಟಾಬೇಸನ್ನು ಆಮೇಲೆ ಯುಟಿಎಫ್8ಎಂಬಿ4ಕ್ಕೆ ಬದಲಾಯಿಸಿದ್ದರೂ ಪ್ರೊಸೀಜರ್ ಒಳಗೆ ಲ್ಯಾಟಿನ್1 ಉಳಿದಿರುತ್ತದೆ. ಡ್ರಾಪ್ ಮಾಡಿ ಮತ್ತೆ ಸೃಷ್ಟಿಸಬೇಕು. ಕೋಡಿನ ಸಂಪರ್ಕದ ಅಕ್ಷರಗಣವೂ ಯುಟಿಎಫ್8ಎಂಬಿ4 ಇರಲಿ.

ಉದ್ದವನ್ನೂ ಲೆಕ್ಕ ಹಾಕಿ. ಚಿಕ್ಕಮಗಳೂರು ಎಂಬುದು ಓದುವವರಿಗೆ ಆರು ಅಕ್ಷರ. ಡೇಟಾಬೇಸ್‌ಗೆ ಅದು ಹನ್ನೊಂದು: ಗುಣಿತದ ಚಿಹ್ನೆಗಳು, ಒತ್ತಕ್ಷರ ಮಾಡುವ ಹಲಂತ ಎಲ್ಲವೂ ಪ್ರತ್ಯೇಕ. ಬೈಟ್ ಲೆಕ್ಕದಲ್ಲಿ 33. ಇಂಗ್ಲಿಷ್ ಹೆಸರು ನೋಡಿ 30 ಅಳತೆ ಇಟ್ಟ ನಿಯತಾಂಕಕ್ಕೆ "ಶ್ರೀ" ಸೇರಿಸಿ, ತಂದೆ ಹೆಸರು, ಎಸ್ಟೇಟ್ ಹೆಸರು ಎಲ್ಲ ತುಂಬಿಸಲಾಗದು. ಎಸ್‌ಕ್ಯೂಎಲ್ ಸರ್ವರ್‌ನಲ್ಲಾದರೆ ವಾರ್‌ಚಾರ್ ಬದಲು ಎನ್‌ವಾರ್‌ಚಾರ್ ಬಳಸಿ, ಔಟ್‌ಪುಟ್ ಆಗಿದ್ದರೆ ಸಿ ಶಾರ್ಪ್ ಕಡೆ ಸೈಜ್ ಕೊಡಲೇಬೇಕು. ಕೊಡದಿದ್ದರೆ ಸೈಜ್ ಸೊನ್ನೆ ಎಂದು ಕರೆಯೇ ಬೀಳುತ್ತದೆ.

## ಹಂತ 9: ನಡುವೆ ಸಂಪರ್ಕ ಕಡಿದರೆ ಎರಡು ರಸೀದಿ ಆಗದಂತೆ

ಮಲೆನಾಡಿನಲ್ಲಿ ಇದನ್ನು ಬಿಟ್ಟು ತಂತ್ರಾಂಶ ಬರೆಯಬಾರದು. ಕಳಸದ ಗೋದಾಮಿನಿಂದ ಕರೆ ಹೊರಟಿತು, ಸರ್ವರ್ ಲಾಟ್ ಸೇರಿಸಿ ಕಮಿಟ್ ಮಾಡಿತು, ಉತ್ತರ ವಾಪಸ್ ಬರುವಷ್ಟರಲ್ಲಿ ಕರೆಂಟ್ ಹೋಯಿತು ಅಥವಾ ನೆಟ್‌ವರ್ಕ್ ಬಿದ್ದಿತು. ಕೌಂಟರ್‌ನವರಿಗೆ ಕಾಣುವುದು ಎರರ್. ಕರೆಂಟ್ ಬಂದ ಮೇಲೆ ಮತ್ತೆ ಬಟನ್ ಒತ್ತುತ್ತಾರೆ. 25 ಚೀಲ 50 ಆಯಿತು.

ಇದಕ್ಕೇ ಆರನೇ ನಿಯತಾಂಕವಾಗಿ ಚೀಟಿಯ ಗುರುತು ಇಟ್ಟದ್ದು. ಪರದೆ ತೆರೆದಾಗಲೇ ಕೋಡ್ ಒಂದು ಯುಯುಐಡಿ (ಮತ್ತೆಲ್ಲೂ ಬರದಂಥ ಗುರುತು) ಹುಟ್ಟಿಸಿ ಯಂತ್ರದಲ್ಲೇ ಉಳಿಸಲಿ. ಬಟನ್ ಒತ್ತಿದಾಗ ಹುಟ್ಟಿಸಿದರೆ ಪ್ರತಿ ಸಲ ಹೊಸದಾಗುತ್ತದೆ, ಪ್ರಯೋಜನವಿಲ್ಲ. ಟೇಬಲ್ಲಿನಲ್ಲಿ ಆ ಕಾಲಮ್‌ಗೆ ಯೂನೀಕ್ ಇಂಡೆಕ್ಸ್ ಹಾಕಿ. ಅದೇ ಗುರುತು ಎರಡನೇ ಸಲ ಬಂದರೆ 1062 ಎದ್ದೇಳುತ್ತದೆ. ಆ ಸಂಖ್ಯೆಗೆಂದೇ ಒಂದು ಹ್ಯಾಂಡ್ಲರ್ ಇಟ್ಟು, ಹಳೇ ರಸೀದಿ ನಂಬರನ್ನೇ ಔಟ್‌ಗೆ ತುಂಬಿ, ಸ್ಥಿತಿ ಕೋಡ್‌ನಲ್ಲಿ "ಮೊದಲೇ ಆಗಿದೆ" ಎಂದು ತಿಳಿಸಿ. ಟೇಬಲ್ಲಿಗೆ ಬೇರೆ ಯೂನೀಕ್ ಇಂಡೆಕ್ಸ್ ಇದ್ದರೆ ಅದಕ್ಕೂ 1062 ಬರುತ್ತದೆ. ಆ ಗುರುತಿನ ಸಾಲು ಇಲ್ಲದಿದ್ದರೆ ರಿಸಿಗ್ನಲ್ ಮಾಡಿ.

ಸಿ ಶಾರ್ಪ್‌ನಿಂದ ಎಸ್‌ಕ್ಯೂಎಲ್ ಸರ್ವರ್ ಕರೆಯುವಾಗ ಕಮಾಂಡ್‌ಟೈಮ್‌ಔಟ್ (ಉತ್ತರಕ್ಕೆ ಕಾಯುವ ಹೊತ್ತು) ಬದಲಾಯಿಸದಿದ್ದರೆ 30 ಸೆಕೆಂಡ್. ಅದು ಮುಗಿದಾಗ ಓಡುತ್ತಿದ್ದ ಕೆಲಸ ನಿಲ್ಲುತ್ತದೆ, ಆದರೆ ತೆರೆದ ಟ್ರಾನ್ಸಾಕ್ಷನ್ ತಾನಾಗಿ ರೋಲ್‌ಬ್ಯಾಕ್ ಆಗುವುದಿಲ್ಲ. ಅದು ಆಗಬೇಕಾದರೆ ಪ್ರೊಸೀಜರ್‌ನಲ್ಲಿ ಸೆಟ್ ಎಕ್ಸ್‌ಆಕ್ಟ್_ಅಬಾರ್ಟ್ ಆನ್ ಇರಬೇಕು.

## ಪೋಸ್ಟ್‌ಗ್ರೆಸ್ ಬಳಸುವವರಿಗೆ

ಇಲ್ಲಿ ಫಂಕ್ಷನ್ ಬೇರೆ, ಪ್ರೊಸೀಜರ್ ಬೇರೆ. ಪ್ರೊಸೀಜರ್ ಬಂದದ್ದೇ 2018ರ ಆವೃತ್ತಿ 11ರಲ್ಲಿ. ಫಂಕ್ಷನ್ ಕರೆಯುವುದು ಸೆಲೆಕ್ಟ್‌ನಿಂದ, ಪ್ರೊಸೀಜರ್ ಕರೆಯುವುದು ಕಾಲ್‌ನಿಂದ. ಪೈಥಾನ್‌ನ ಸೈಕೋಪಿಜಿ2 ಡ್ರೈವರ್‌ನ ಕಾಲ್‌ಪ್ರಾಕ್ ಹೆಸರು ಹಾಗಿದ್ದರೂ ಕರೆಯುವುದು ಫಂಕ್ಷನ್‌ಗಳನ್ನು ಮಾತ್ರ. ಪ್ರೊಸೀಜರ್‌ಗೆ ಎಕ್ಸಿಕ್ಯೂಟ್ ಮೆಥಡ್‌ನಲ್ಲಿ ಕಾಲ್ ಎಂದು ನೀವೇ ಬರೆಯಬೇಕು. 14ಕ್ಕಿಂತ ಹಳೆಯದರಲ್ಲಿ ಪ್ರೊಸೀಜರ್‌ಗೆ ಔಟ್ ಇಲ್ಲ, ಇನ್‌ಔಟ್ ಬಳಸಿ. ಪ್ರೊಸೀಜರ್ ಒಳಗೆ ಕಮಿಟ್ ಇದ್ದರೆ ಸಂಪರ್ಕವನ್ನು ಆಟೋಕಮಿಟ್‌ಗೆ ಹಾಕಿ ಕರೆಯಿರಿ, ಇಲ್ಲದಿದ್ದರೆ 2ಡಿ000 ಎಂಬ ಎರರ್.

## ಹಂತ 10: ಲ್ಯಾಪ್‌ಟಾಪ್‌ನಿಂದ ಗಿರಾಕಿಯ ಸರ್ವರ್‌ಗೆ

ಮೈಎಸ್‌ಕ್ಯೂಎಲ್‌ಡಂಪ್ (ಡೇಟಾಬೇಸನ್ನು ಫೈಲ್‌ಗೆ ಇಳಿಸುವ ಸಾಧನ) ತಾನಾಗಿ ಪ್ರೊಸೀಜರ್‌ಗಳನ್ನು ಒಯ್ಯುವುದಿಲ್ಲ. ಟೇಬಲ್, ಟ್ರಿಗರ್ ಹೋಗುತ್ತವೆ, ಪ್ರೊಸೀಜರ್ ಹೋಗಬೇಕಾದರೆ ರೂಟೀನ್ಸ್ ಎಂಬ ಆಯ್ಕೆ ಕೊಡಬೇಕು. ಬ್ಯಾಕಪ್‌ಗೂ ಇದೇ ಮಾತು, ಇವತ್ತೇ ನಿಮ್ಮ ಬ್ಯಾಕಪ್ ಸ್ಕ್ರಿಪ್ಟ್ ತೆರೆದು ನೋಡಿ.

ಒಯ್ದ ಮೇಲೆ 1449 ಬಂದರೆ, ನಿಮ್ಮ ಲ್ಯಾಪ್‌ಟಾಪ್‌ನ ಡಿಫೈನರ್ ಯೂಸರ್ ಆ ಸರ್ವರ್‌ನಲ್ಲಿ ಇಲ್ಲ. ಡಂಪ್ ಫೈಲ್‌ನಲ್ಲಿ ಡಿಫೈನರ್ ಹೆಸರನ್ನು ಅಲ್ಲಿ ಇರುವ ಖಾತೆಗೆ ಬದಲಾಯಿಸಿ. 1146 ಬಂದು, ಟೇಬಲ್ ಕಣ್ಣೆದುರೇ ಇದ್ದರೆ, ವಿಂಡೋಸ್‌ನಿಂದ ಲಿನಕ್ಸ್‌ಗೆ ಬಂದಿದ್ದೀರಿ ಎಂದರ್ಥ. ಲಿನಕ್ಸ್‌ನಲ್ಲಿ ಟೇಬಲ್ ಹೆಸರಿನ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ. ಪ್ರೊಸೀಜರ್ ಹೆಸರಿಗೆ ಆ ಭೇದ ಇಲ್ಲ, ಸೃಷ್ಟಿಸುವಾಗ ಒಳಗಿನ ಟೇಬಲ್ ಹೆಸರನ್ನು ಅದು ಪರೀಕ್ಷಿಸುವುದೂ ಇಲ್ಲ, ಹಾಗಾಗಿ ಕರೆದಾಗಲೇ ಗುಟ್ಟು ಹೊರಬೀಳುತ್ತದೆ.

ಹೊಸ ಸರ್ವರ್‌ನಲ್ಲಿ ಎರಡನೇ ಹಂತವನ್ನು ಮತ್ತೆ ಮಾಡಿ: ಪ್ರೋಗ್ರಾಂನ ಯೂಸರ್, ಗೋದಾಮಿನ ಯಂತ್ರ, ಪರೀಕ್ಷೆಗೆಂದೇ ಇಟ್ಟ ಬೆಳೆಗಾರರ ಕೋಡ್, ಕನ್ನಡದಲ್ಲಿ ಹೆಸರು. ಆಟೋಕಮಿಟ್ ಆಫ್ ಮಾಡಿ ಕರೆದು, ರಸೀದಿ ನಂಬರ್ ಬಂದದ್ದು ನೋಡಿ ರೋಲ್‌ಬ್ಯಾಕ್ ಕೊಡಿ. ರೋಲ್‌ಬ್ಯಾಕ್ ಆದ ಮೇಲೂ ಸಾಲು ಟೇಬಲ್ಲಿನಲ್ಲೇ ಉಳಿದಿದ್ದರೆ ಪ್ರೊಸೀಜರ್ ಒಳಗೆ ಎಲ್ಲೋ ಒಂದು ಕಮಿಟ್ ಅಡಗಿದೆ. ಮೊದಲ ಪಿಕಪ್ ಬರುವ ಮೊದಲು ಅದನ್ನು ತೆಗೆಯಿರಿ.